ಎಡಕ್ಕ ಮೊಣಕೈ, ಆಮ್ಯಾಲ ಹಳ್ಳ

ಒಂದು ಭಾನುವಾರ ಬೆಳಿಗ್ಗೆ ನನ್ನ ತಮ್ಮ ಕುಷ್ಟಗಿಯ ನಮ್ಮ ಮನೆಗೆ ಬಂದವನು ಚಹಾದ ಕಪ್ಪು ಮುಟ್ಟುವ ಮುಂಚೆಯೇ ಕೇಳಿದ: "ಅಕ್ಕಾ, ಇನ್ನ ಹದಿನೈದು ದಿನಕ್ಕ ರ‍್ಯಾಲಿ ಐತಿ. ನನ್ನ ಪಕ್ಕದಾಗ ಕುಂದ್ರಾಕ ಯಾರೂ ಇಲ್ಲ. ನೀ ಬರ್ತಿಯೇನು?"

ಆಗ ನನಗೆ ನಲವತ್ತೊಂದು ವರ್ಷ. ಕುಷ್ಟಗಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ನನಗೆ ಕಾರು ಓಡಿಸಲು ಬರುವುದಿಲ್ಲ, ಈಗಲೂ ಬರುವುದಿಲ್ಲ. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಅವನದೊಂದು ಗ್ಯಾರೇಜಿದೆ. ಯಲಬುರ್ಗಾ ಕಡೆಯ ನಮ್ಮ ತವರಿನಲ್ಲಿ ಅವನು ಹುಡುಗನಾಗಿದ್ದಾಗ ಎತ್ತಿನ ಬಂಡಿಯನ್ನೂ ನಿಧಾನವಾಗಿ ಹೊಡೆದವನಲ್ಲ. ದೊಡ್ಡವನಾದ ಮೇಲೆ ಬೈಕಿನ ರೇಸು, ಆಮೇಲೆ ಕಾರು. ಯಾರೋ ಮಾರಿದ ಹಳೆಯ ಸಣ್ಣ ಕಾರೊಂದನ್ನು ತಂದು, ಹಿಂದಿನ ಸೀಟು, ಕಾರ್ಪೆಟ್ಟು, ರೇಡಿಯೋ ಎಲ್ಲ ಕಿತ್ತುಹಾಕಿ, ಬಿದ್ದರೂ ಚಪ್ಪಟೆಯಾಗದಂತೆ ಒಳಗೆ ಕಬ್ಬಿಣದ ಪೈಪಿನ ಗೂಡು ಕಟ್ಟಿಸಿಕೊಂಡಿದ್ದ.

ರ‍್ಯಾಲಿಯೆಂದರೆ ಟಿ.ವಿ.ಯಲ್ಲಿ ತೋರಿಸುವ ಹಾಗೆ ಹತ್ತಾರು ಕಾರುಗಳು ಒಂದರ ಬೆನ್ನಿಗೊಂದು ಬಿದ್ದು ಸುತ್ತು ಹಾಕುವ ಆಟವಲ್ಲ. ಊರಾಚೆಯ ಕಚ್ಚಾ ರಸ್ತೆಯನ್ನು ಅಷ್ಟು ಹೊತ್ತು ಮುಚ್ಚಿ, ಒಂದೊಂದೇ ಕಾರನ್ನು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಕಡಿಮೆ ಸಮಯದಲ್ಲಿ ಮುಗಿಸಿದವರು ಮುಂದೆ. ಕಾರಿನಲ್ಲಿ ಇಬ್ಬರು ಇರಬೇಕು. ಒಬ್ಬರು ಓಡಿಸುತ್ತಾರೆ. ಇನ್ನೊಬ್ಬರು, ಹಿಂದಿನ ದಿನ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಬರೆದುಕೊಂಡ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ತಿರುವು ಎಂಥದು, ಎಷ್ಟು ದೂರದಲ್ಲಿದೆ ಎಂದು ಓದಿ ಹೇಳುತ್ತಾರೆ. ಆ ಓದುವ ಕೆಲಸವನ್ನು ತಮ್ಮನಿಗೆ ಮಾಡುತ್ತಿದ್ದ ಗೆಳೆಯ ಮನೆಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದ.

"ರೇಸಿನಾಗ ಮುರೀಲಿಲ್ಲ ನೋಡು, ಮನ್ಯಾಗ ಮುರಕೊಂಡಾನ," ಎಂದು ತಮ್ಮ ಅದನ್ನೇ ಒಂದು ಭರವಸೆಯಂತೆ ಹೇಳಿದ. "ನಿನಗ ಓದಾಕ ಬರ್ತೈತಿ, ಲೆಕ್ಕ ಬರ್ತೈತಿ, ಗಡಿಯಾರ ನೋಡಾಕ ಬರ್ತೈತಿ. ಇನ್ನೇನ ಬೇಕು?"

ನಾನು ನಗುತ್ತಿದ್ದೆ. ನನ್ನ ಗಂಡ ನಗಲಿಲ್ಲ. ಅವರದು ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ. ಅವರು ಎದ್ದು ಅಂಗಡಿಗೆ ಹೊರಟುಬಿಟ್ಟರು. ಬಾಗಿಲ ಹತ್ತಿರ ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆ ಮಾತ್ರ ತಲೆಯೆತ್ತಿ ತಮ್ಮನನ್ನು ಒಂದೇ ಪ್ರಶ್ನೆ ಕೇಳಿದರು:

"ಆ ರಸ್ತಾದಾಗ ಎದುರಿಗೆ ಗಾಡಿ ಬರ್ತಾವೇನಪಾ?"

"ಇಲ್ರಿ ಅತ್ತಿ. ರಸ್ತಾ ಬಂದ್ ಮಾಡಿರ್ತಾರ. ಒಂದು ದನಾನೂ ಬಿಡಂಗಿಲ್ಲ."

"ಹಂಗಾದ್ರ ಈಕಿ ದಿನಾ ಹೋಗೋ ಬಸ್ಸಿಗಿಂತ ಅದ ಛಲೋ," ಎಂದು ಅತ್ತೆ ಮತ್ತೆ ಶೇಂಗಾಕ್ಕೆ ಕೈ ಹಾಕಿದರು.

ನಾನು ಒಪ್ಪಿಕೊಂಡದ್ದು ಯಾಕೆ ಎಂದು ಆಮೇಲೆ ಬಹಳ ಮಂದಿ ಕೇಳಿದ್ದಾರೆ. ಮಗಳು ಧಾರವಾಡದ ಹಾಸ್ಟೆಲ್ ಸೇರಿದ ವರ್ಷ ಅದು, ಮನೆಯಲ್ಲಿ ಸಂಜೆಗಳು ಉದ್ದವಾಗಿದ್ದವು ಎಂದು ಒಮ್ಮೊಮ್ಮೆ ಉತ್ತರ ಕೊಡುತ್ತೇನೆ. ನಿಜ ಹೇಳಬೇಕೆಂದರೆ ತಮ್ಮ ಅದುವರೆಗೆ ನನ್ನಿಂದ ಏನನ್ನೂ ಕೇಳಿರಲಿಲ್ಲ. ಕೇಳಿದ ಮೊದಲ ಸಲವೇ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಯಲಬುರ್ಗಾ ಕಡೆಯ ಬಯಲಿಗೆ ಅಭ್ಯಾಸಕ್ಕೆ ಹೋದೆವು. ಅಲ್ಲೀಗ ಎಲ್ಲಿ ನೋಡಿದರೂ ಕರೆಂಟು ಮಾಡುವ ಗಾಳಿಯ ಫ್ಯಾನುಗಳು. ಅವುಗಳ ಬುಡಕ್ಕೆ ಲಾರಿ ಹೋಗಲೆಂದು ಕಪ್ಪು ಎರೆಹೊಲಗಳ ನಡುವೆ ಬಿಳಿ ಗರಸುಕಲ್ಲಿನ ರಸ್ತೆ ಮಾಡಿದ್ದಾರೆ. ತಮ್ಮ ನನಗೆ ಹೆಲ್ಮೆಟ್ ತೊಡಿಸಿ, ಭುಜದ ಮೇಲಿಂದ, ಸೊಂಟದ ಸುತ್ತ ಪಟ್ಟಿ ಬಿಗಿದ. ಉಸಿರು ಪೂರ್ತಿ ಎಳೆಯಲು ಜಾಗವಿರಲಿಲ್ಲ. ಕೈಗೆ ಪುಸ್ತಕ ಕೊಟ್ಟು, "ಓದು," ಎಂದ. ಮೂರನೆಯ ತಿರುವಿಗೇ ನನ್ನ ಹೊಟ್ಟೆ ತಿರುಗಿತು. ಕಾರು ನಿಲ್ಲಿಸುವುದಕ್ಕೂ ನಾನು ಹೆಲ್ಮೆಟ್ ಕೀಳುವುದಕ್ಕೂ ಸರಿಹೋಯಿತು. ಮಧ್ಯಾಹ್ನದ ಬುತ್ತಿಯೆಲ್ಲ ಫ್ಯಾನಿನ ಬುಡಕ್ಕೆ ಹೋಯಿತು. ಆ ದಿನ ಐದು ಸಲ ಹೊರಟೆವು, ಐದೂ ಸಲ ಅದೇ ಕಥೆ.

ಚಲಿಸುವ ಗಾಡಿಯಲ್ಲಿ ತಲೆ ತಗ್ಗಿಸಿ ಓದಿದರೆ ಹೊಟ್ಟೆ ತೊಳಸುವುದು ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಹಾಗಿದ್ದರೆ ಬಸ್ಸಿನಲ್ಲೇ ಅದನ್ನು ಪಳಗಿಸಬೇಕು ಎಂದುಕೊಂಡೆ. ಅಂದಿನಿಂದ ಹೋಗುವಾಗ ಬರುವಾಗ ಹಿಂದಿನ ಚಕ್ರದ ಮೇಲಿನ ಸೀಟು ಹಿಡಿದು ಉತ್ತರಪತ್ರಿಕೆ ತಿದ್ದತೊಡಗಿದೆ. ಮೊದಲ ದಿನ ಎರಡು ಪತ್ರಿಕೆಗೇ ಸೋತೆ. ಅತ್ತೆ ಒಣಶುಂಠಿ ಕುಟ್ಟಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿ ಕೊಟ್ಟರು. ದವಡೆಯಲ್ಲಿ ಅದನ್ನಿಟ್ಟುಕೊಂಡು ವಾರದ ಕೊನೆಗೆ ಎಂಟು ಪತ್ರಿಕೆಗೆ ಬಂದೆ. ಕಂಡಕ್ಟರ್, "ಏನ್ರಿ ಟೀಚರ್, ಅಷ್ಟ ಅವಸರ ಐತೇನು? ಮನ್ಯಾಗ ಕುಂತು ತಿದ್ರಲ್ಲ," ಎಂದ. ಮನೆಯಲ್ಲಿ ಗುಂಡಿಗಳಿಲ್ಲ ಎಂದು ಅವನಿಗೆ ಹೇಗೆ ಹೇಳುವುದು?

ಹದಿನೈದು ದಿನಕ್ಕೆ ನನ್ನ ಹೊಟ್ಟೆ ತಯಾರಾಗಿತ್ತು. ನಾಲಿಗೆ ತಯಾರಾಗಿರಲಿಲ್ಲ.

ಆ ಮೊದಲ ರ‍್ಯಾಲಿಯಲ್ಲಿ ನಾನು ಓದಿದ್ದು ತಮ್ಮನ ಗೆಳೆಯನ ಪದ್ಧತಿಯ ಪುಸ್ತಕ. ಎಲ್ಲ ಇಂಗ್ಲೀಷು. ಲೆಫ್ಟ್ ತ್ರೀ, ರೈಟ್ ಫೋರ್, ಹೀಗೆ. ಅಂಕಿ ಚಿಕ್ಕದಾದಷ್ಟೂ ತಿರುವು ಬಿಗಿ. ಮೊದಲ ಹಂತವನ್ನು, ಎಂದರೆ ಮುಚ್ಚಿದ ರಸ್ತೆಯ ಮೊದಲ ತುಂಡನ್ನು, ಹೇಗೋ ಮುಗಿಸಿದೆವು. ಎರಡನೆಯ ಹಂತದ ಅರ್ಧದಲ್ಲಿ ನನ್ನ ಬೆವರಿದ ಬೆರಳಿಗೆ ಎರಡು ಹಾಳೆ ಒಟ್ಟಿಗೆ ಅಂಟಿ ಮಗುಚಿದವು. ಅದು ನನಗೆ ಗೊತ್ತಾಗಲಿಲ್ಲ. ನಾನು ಬಲ ಎಂದೆ, ರಸ್ತೆ ಎಡಕ್ಕಿತ್ತು. ತಮ್ಮ ನನ್ನ ಮಾತು ನಂಬಿ ಬಲಕ್ಕೆ ತಿರುಗಿಸಿದ. ಕಾರು ಬದುವಿನ ಮೇಲೆ ಹಾರಿ, ಕಡಲೆ ಕಿತ್ತು ಖಾಲಿಯಾಗಿದ್ದ ಹೊಲದ ನಡುವೆ ಹೋಗಿ ಹೂತುಕೊಂಡಿತು.

ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದಕ್ಕೆ ನಿಯಮವಿದೆ. ಇಳಿದ ಕೂಡಲೇ ನಾನು ಹಸಿರು ಫಲಕ ಹಿಡಿದು ಬದುವಿನ ಹತ್ತಿರ ಓಡಿದೆ. ನಾವು ಕ್ಷೇಮ, ನೀವು ಹೋಗಿ ಎಂದು ಹಿಂದಿನಿಂದ ಬರುವ ಕಾರುಗಳಿಗೆ ಅದು ಹೇಳುತ್ತದೆ. ಒಂದೊಂದೇ ಕಾರು ನನ್ನ ಮುಂದೆ ಧೂಳೆಬ್ಬಿಸಿ ಹೋಯಿತು. ಎಲ್ಲ ಹೋದ ಮೇಲೆ ನೋಡಿದರೆ ಹೊಲದ ಆಚೆ ತುದಿಯಲ್ಲಿ ಒಬ್ಬ ಹೆಣ್ಣುಮಗಳು ಸೆರಗು ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ ಕಳಕೊಂಡ್ರಬೇ ನಮ್ಮ ಹೊಲದಾಗ?" ಎಂದು ಕೂಗಿದಳು.

"ದಾರಿ ಕಳಕೊಂಡ್ವಿ," ಎಂದೆ.

"ಅಷ್ಟ ಜೋರ ಹೋದ್ರ ಕಳದ ಹೋಗ್ತೈತಿ," ಎಂದು ಅವಳು ತನ್ನ ಗಡಿಗೆಯಿಂದ ನಮ್ಮಿಬ್ಬರಿಗೂ ಮಜ್ಜಿಗೆ ಕೊಟ್ಟಳು. ಹೆಲ್ಮೆಟ್ ತೆಗೆದ ಮೇಲೆ ನನ್ನ ಕುಂಕುಮ, ಜಡೆ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಟ್ರ್ಯಾಕ್ಟರ್ ಬಂದು ಕಾರನ್ನು ಎಳೆಯುವವರೆಗೆ ನಾವಿಬ್ಬರೂ ಬದುವಿನ ಮೇಲೆ ಕೂತಿದ್ದೆವು. ತಮ್ಮ ಬೈಯುತ್ತಾನೆ ಎಂದು ಕಾಯುತ್ತಿದ್ದೆ. ವರ್ಷವಿಡೀ ದುಡಿದು, ಗ್ಯಾರೇಜಿನ ಕೆಲಸ ಮುಗಿಸಿ ಕಾರಿಗೆ ಕೈ ಹಚ್ಚಿದ್ದ ಅವನ ಆಟ ಎರಡನೆಯ ಹಂತಕ್ಕೇ ಮುಗಿದಿತ್ತು. ಅವನು ಮಣ್ಣಿನ ಹೆಂಟೆ ಪುಡಿ ಮಾಡುತ್ತ, "ಹಾಳಿ ಮಗುಚಿದಾಗ ನಿನ್ನ ದನಿ ಒಂದು ಚೂರು ತಡವಾತು. ನನಗ ಗೊತ್ತಾತು. ಗೊತ್ತಾದರೂ ನಾ ನಿಧಾನ ಮಾಡಲಿಲ್ಲ. ಅರ್ಧ ತಪ್ಪು ನಂದು," ಎಂದ. ಅವನ ಬಾಯಲ್ಲಿ ಅಂಥ ಮಾತು ಕೇಳಿ ನನಗೆ ಕಣ್ಣು ತುಂಬಿತು. ಸೋತದ್ದಕ್ಕೆ ಬಂದ ನೀರು ಎಂದುಕೊಂಡು ಅವನು ಇನ್ನಷ್ಟು ಸಮಾಧಾನ ಹೇಳಿದ.

ಕಾರಿಗೆ ಪೈಪಿನ ಗೂಡು ಕಟ್ಟಿದವರು ಭಾಗ್ಯನಗರದ ಒಬ್ಬ ವೆಲ್ಡಿಂಗ್ ಚಾಚಾ. ಅರವತ್ತು ದಾಟಿದ ಮನುಷ್ಯ. ಊರಿನ ಅರ್ಧಕ್ಕರ್ಧ ಗೇಟುಗಳು, ಟ್ರ್ಯಾಕ್ಟರ್ ಟ್ರೇಲರುಗಳು ಅವರ ಕೈಯವು. ತಮ್ಮನ ಗ್ಯಾರೇಜಿನ ಪಕ್ಕದಲ್ಲೇ ಅವರ ಶೆಡ್ಡು. ಜಜ್ಜಿಹೋದ ಮುಂಭಾಗವನ್ನು ನೇರ ಮಾಡಿಸಲು ಹೋದಾಗ ಅವರು ಎಲ್ಲ ಕೇಳಿಸಿಕೊಂಡು, ಕಣ್ಣಿನ ಕಪ್ಪು ಕನ್ನಡಕ ಹಣೆಗೆ ಏರಿಸಿ ನನ್ನತ್ತ ತಿರುಗಿದರು.

"ಅಕ್ಕೋರ, ನೀವು ಸಾಲ್ಯಾಗ ಲೆಕ್ಕ ಯಾವ ಭಾಷಾದಾಗ ಹೇಳ್ತೀರಿ?"

"ಕನ್ನಡದಾಗ್ರಿ ಚಾಚಾ."

"ಮತ್ತ ಇವಂಗ್ಯಾಕ ಇಂಗ್ಲೀಷಿನಾಗ ಹೇಳ್ತೀರಿ? ಇವ ಅದರಾಗ ಎರಡು ಸಲ ಫೇಲ್ ಆದಾವ!"

ತಮ್ಮ ನಾಚಿಕೊಂಡ. ನಾನು ಮಾತ್ರ ಅಲ್ಲೇ ಮಗುಚಿಟ್ಟಿದ್ದ ಡಬ್ಬದ ಮೇಲೆ ಕೂತುಬಿಟ್ಟೆ. ಇಷ್ಟು ಸರಳವಾದದ್ದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅಂದೇ ಹೊಸ ಪುಸ್ತಕ ಶುರು ಮಾಡಿದೆವು. ಮೊದಲು ಲೆಫ್ಟ್-ರೈಟ್ ಹೋಗಿ ಎಡ-ಬಲ ಬಂದವು. ಅಂಕಿಗಳನ್ನು ಕನ್ನಡ ಮಾಡಿದಾಗ ಹೊಸ ತೊಡಕು ಬಂತು. ಎಂಜಿನ್ನಿನ ಅಬ್ಬರದಲ್ಲಿ, ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಮೂರು, ಆರು, ನೂರು ಎಲ್ಲ ಒಂದೇ ಥರ ಕೇಳುತ್ತಿದ್ದವು. ನಾನು ಆರು ಎಂದರೆ ಅವನು ಮೂರು ಎಂದುಕೊಂಡು ಬ್ರೇಕು ಹಾಕುತ್ತಿದ್ದ. ಅದು ಪರವಾಗಿಲ್ಲ. ಮೂರು ಎಂದದ್ದನ್ನು ಆರು ಎಂದುಕೊಂಡರೆ ಮತ್ತೆ ಯಾರದೋ ಹೊಲ.

"ಅಂಕಿ ಬಿಡು," ಎಂದ ತಮ್ಮ. "ರಸ್ತಾ ಹೆಂಗ ಕಾಣ್ತೈತೋ ಹಂಗ ಹೇಳು. ಅಲ್ಲಿ ಆ ಬೇವಿನ ಗಿಡದ ಹಂತ್ಯಾಕ ತಿರುಗ್ತೈತೆಲ್ಲ, ಅದಕ್ಕ ಏನಂತಿ?"

"ಮೊಣಕೈ ಇದ್ದಂಗ ಐತಿ."

"ಹಾಂ! ಮೊಣಕೈ ಅಂದಬಿಡು. ಮತ್ತ ಅಂಕಿ ಯಾಕ?"

ಹಾಗೆ ನಮ್ಮ ತಿರುವುಗಳಿಗೆ ಹೆಸರು ಬಂದವು. ವೇಗ ಕಡಿಮೆ ಮಾಡಬೇಕಿಲ್ಲದ ಸಣ್ಣ ಓರೆಗೆ ಹುಬ್ಬು. ಇನ್ನಷ್ಟು ಬಾಗಿದ್ದರೆ ಬಿಲ್ಲು. ಚೌಕಾಗಿ ಮುರಿದರೆ ಮೊಣಕೈ. ಹೋದ ದಿಕ್ಕಿಗೇ ಮರಳಿ ಸುತ್ತುವಂತಿದ್ದರೆ ಕುಡುಗೋಲು. ಏರಿ ಕಣ್ಣಿಗೆ ಮುಂದಿನದು ಕಾಣದಿದ್ದರೆ ದಿನ್ನಿ, ಇಳಿದು ಏರಿದರೆ ಹಳ್ಳ. ಎಚ್ಚರಿಕೆಗೆ ಜ್ವಾಕಿ, ಬಹಳ ಎಚ್ಚರಿಕೆಗೆ ಎರಡು ಸಲ ಜ್ವಾಕಿ. ದಾರಿ ನೇರವಾಗಿ ತೆರೆದಿದ್ದರೆ ಬಿಡು. ಅಂಕಿ ಉಳಿದದ್ದು ಮುಂದಿನ ತಿರುವಿಗೆ ಎಷ್ಟು ಮೀಟರು ಎಂದು ಹೇಳಲು ಮಾತ್ರ. ಒಂದು ತಿಂಗಳು, ರಜೆಯ ದಿನಗಳಲ್ಲಿ, ಕುಷ್ಟಗಿಯಿಂದ ಕನಕಗಿರಿವರೆಗಿನ ಎಷ್ಟೋ ಮಣ್ಣಿನ ರಸ್ತೆಗಳನ್ನು ಹೀಗೆ ಬರೆದೆವು. ಒಂದು ತಿರುವು ಬಿಲ್ಲೋ ಮೊಣಕೈಯೋ ಎಂದು ಕಾರು ನಿಲ್ಲಿಸಿ ಜಗಳವಾಡಿದ್ದೂ ಉಂಟು.

ಮನೆಯಲ್ಲಿ ಗಂಡ ಈ ವಿಷಯ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ ಊಟದ ಹೊತ್ತಿಗೆ, "ನಿನಗ ಹೆದರಿಕಿ ಆಗಂಗಿಲ್ಲೇನು?" ಎಂದು ಕೇಳಿದರು.

"ಆಗ್ತೈತ್ರಿ. ಶುರು ಆಗೂಮುಂದ ಆಗ್ತೈತಿ. ಶುರು ಆದಮ್ಯಾಲ ಓದೂದರಾಗ ಹೆದರಾಕ ಪುರಸೊತ್ತು ಇರಂಗಿಲ್ಲ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಎರಡನೆಯ ರ‍್ಯಾಲಿ ನಮ್ಮ ಜಿಲ್ಲೆಯಲ್ಲೇ ನಡೆಯಿತು. ಮೊದಲ ದಿನ ಯಲಬುರ್ಗಾ ಬಯಲಿನ ಫ್ಯಾನ್ ರಸ್ತೆಗಳು, ಎರಡನೆಯ ದಿನ ಗಂಗಾವತಿಯ ಆಚೆ ಕನಕಗಿರಿ ಕಡೆಯ ಗುಂಡುಕಲ್ಲಿನ ಗುಡ್ಡಗಳ ನಡುವಿನ ದಾರಿ. ಬೆಂಗಳೂರು, ಕೊಯಮತ್ತೂರಿನ ಕಡೆಯಿಂದ ದೊಡ್ಡ ದೊಡ್ಡ ತಂಡಗಳು ಬಂದಿದ್ದವು. ಅವರಿಗೆ ಡೇರೆ, ಲಾರಿ, ಒಂದೇ ಬಣ್ಣದ ಅಂಗಿ ತೊಟ್ಟ ಮೆಕ್ಯಾನಿಕ್ಕುಗಳು. ನಮಗೆ ಒಂದು ತಾಡಪತ್ರಿ, ಚಾಚಾ, ಮತ್ತು ಚಾಚಾನ ವೆಲ್ಡಿಂಗ್ ಯಂತ್ರ. ರಿಪೇರಿಗೆ ಕೊಡುವ ಇಪ್ಪತ್ತು ನಿಮಿಷದಲ್ಲಿ ಆ ಒಂದು ಜೋಡಿ ಕೈ ಏನೆಲ್ಲ ಮಾಡುತ್ತಿತ್ತು ಎಂಬುದನ್ನು ನೋಡಲು ಬೇರೆ ತಂಡದವರೂ ಬಂದು ನಿಲ್ಲುತ್ತಿದ್ದರು.

ಮೊದಲ ಹಂತದ ಆರಂಭದ ಗೆರೆ ಇವತ್ತಿಗೂ ಕಣ್ಣಮುಂದಿದೆ. ಕಾರು ಬಿಡುವ ಮಾರ್ಷಲ್ ಕಿಟಕಿಯಲ್ಲಿ ಕೈ ಚಾಚಿ ಐದು ಬೆರಳು ತೋರಿಸಿ, ಒಂದೊಂದೇ ಮಡಚುತ್ತಾನೆ. ಆ ಐದು ಸೆಕೆಂಡು ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಆಮೇಲೆ ಬೆನ್ನು ಸೀಟಿಗೆ ಒತ್ತುತ್ತದೆ, ನಾನು ಓದತೊಡಗುತ್ತೇನೆ. "ನೂರು. ಬಲಕ್ಕ ಹುಬ್ಬು, ಬಿಡು. ಎಂಬತ್ತು. ದಿನ್ನಿ, ಜ್ವಾಕಿ. ಎಡಕ್ಕ ಮೊಣಕೈ, ಆಮ್ಯಾಲ ಹಳ್ಳ." ರಸ್ತೆ ಹೇಗಿತ್ತು, ಫ್ಯಾನುಗಳು ಹೇಗೆ ಕಂಡವು ಎಂದು ಜನ ಕೇಳುತ್ತಾರೆ. ನಾನು ಯಾವುದನ್ನೂ ನೋಡಿಲ್ಲ. ನನ್ನ ಕಣ್ಣು ಹಾಳೆಯ ಮೇಲೆ. ಎಲ್ಲಿದ್ದೇವೆ ಎಂಬುದನ್ನು ನನಗೆ ಹೇಳುವುದು ಸೀಟು. ಹಳ್ಳ ಬಂದರೆ ಹೊಟ್ಟೆ ಮೇಲೇರುತ್ತದೆ, ಮೊಣಕೈ ಬಂದರೆ ಭುಜ ಪಟ್ಟಿಗೆ ಒತ್ತುತ್ತದೆ, ಗರಸು ಸಡಿಲವಾದರೆ ಪಾದಕ್ಕೆ ತಿಳಿಯುತ್ತದೆ. ನನ್ನ ದನಿ ಅವನಿಗಿಂತ ಒಂದು ತಿರುವು ಮುಂದಿರಬೇಕು. ಎರಡು ತಿರುವು ಮುಂದಾದರೆ ಅವನು ಮರೆಯುತ್ತಾನೆ, ತಿರುವಿನಲ್ಲೇ ಹೇಳಿದರೆ ತಡ. ಆ ಅಂತರ ಕೂಡಿಬಂದಾಗ ಸಿಗುವ ಸುಖವನ್ನು ಹೇಗೆ ಹೇಳಲಿ? ನಾನು ಹೇಳಿದ್ದು ಅವನ ಕಿವಿಗೆ ಹೋಗಿ ಕೈಗೆ ಬರುವ ಹಾಗಲ್ಲ, ನೇರ ಚಕ್ರಕ್ಕೇ ಹೋದ ಹಾಗೆ ಅನಿಸುತ್ತದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಮಾತಾಡಿದ್ದೇನೆ. ಹೇಳಿದ ಪ್ರತಿ ಶಬ್ದವೂ ಕೂಡಲೇ ಕೆಲಸಕ್ಕೆ ಬಂದದ್ದು ಅಲ್ಲೇ ಮೊದಲು.

ಎರಡನೆಯ ದಿನ ಗುಡ್ಡದ ಹಂತದಲ್ಲಿ ಒಂದು ಕಲ್ಲಿನ ಮೇಲೆ ಕಾರು ಜೋರಾಗಿ ಕುಕ್ಕರಿಸಿತು. ಕೂಡಲೇ ಕಿವಿಯೊಳಗಿನ ಗರಗರ ನಿಂತಿತು. ಸ್ಪೀಕರಿನ ತಂತಿ ಕಡಿದಿತ್ತು. ನಾನು ಕೂಗಿದೆ, ಕೇಳಲಿಲ್ಲ. ತಮ್ಮ ಬೆದರಿ ಒಮ್ಮೆ ನನ್ನತ್ತ ನೋಡಿದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು, ಇನ್ನೂ ಅರ್ಧ ದಾರಿ ಉಳಿದಿತ್ತು. ಆಗ ನನ್ನ ಬಲಗೈ ತಾನಾಗಿಯೇ ಅವನ ಕಣ್ಣಮುಂದೆ ಹೋಯಿತು. ತೋಳು ಮಡಚಿ ಎಡಕ್ಕೆ ತೋರಿಸಿದೆ: ಮೊಣಕೈ. ಅವನು ತಿರುಗಿಸಿದ. ತೋರುಬೆರಳು ಕೊಕ್ಕೆ ಮಾಡಿ ಬಲಕ್ಕೆ ತೋರಿಸಿದೆ: ಕುಡುಗೋಲು. ಅಂಗೈ ಸ್ವಲ್ಪ ಬಾಗಿಸಿದರೆ ಬಿಲ್ಲು, ಬೆರಳು ಅಡ್ಡ ಹಿಡಿದರೆ ಹುಬ್ಬು. ಅಂಕಿಗಳಾಗಿದ್ದರೆ ನಾನು ಬೆರಳೆಣಿಸುತ್ತ ಕೂರಬೇಕಾಗುತ್ತಿತ್ತು. ನಮ್ಮ ಶಬ್ದಗಳಿಗೆ ಆಕಾರವಿತ್ತು, ಕೈಗೆ ಅದು ಗೊತ್ತಿತ್ತು. ಕೊನೆಯ ಗೆರೆ ದಾಟಿ ನಿಂತಾಗ ತಮ್ಮ ಹೆಲ್ಮೆಟ್ ಕಿತ್ತು, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಗತೊಡಗಿದ. ನನಗೆ ತೋಳು ಸೆಟೆದು ಕೆಳಗಿಳಿಸಲೂ ಆಗುತ್ತಿರಲಿಲ್ಲ.

ಆದರೆ ಕೆಲಸ ಮುಗಿದಿರಲಿಲ್ಲ. ರ‍್ಯಾಲಿಯಲ್ಲಿ ಹಂತ ಮುಗಿಸಿದ ಮೇಲೆ ಸಮಯ ಬರೆಸುವ ಠಾಣೆಗೆ ತಡವಾಗಿ ಹೋದರೆ ದಂಡವಿರುವಂತೆ ಬೇಗ ಹೋದರೂ ದಂಡ. ನಮ್ಮ ಸಮಯದ ಕಾರ್ಡನ್ನು ಕೊನೆಯ ಠಾಣೆಯಲ್ಲಿ ನಮಗೆ ಗೊತ್ತುಮಾಡಿದ ನಿಮಿಷದಲ್ಲೇ ಕೊಡಬೇಕು. ನಾವು ನಾಲ್ಕು ನಿಮಿಷ ಮುಂಚೆ ಹೋಗಿದ್ದೆವು. ತಮ್ಮ ಖುಷಿಯಲ್ಲಿ ಕಾರನ್ನು ಠಾಣೆಯ ಗಡಿ ತೋರಿಸುವ ಹಳದಿ ಫಲಕದ ಒಳಗೇ ನುಗ್ಗಿಸಲು ಹೊರಟ.

"ನಿಲ್ಲಸು," ಎಂದೆ.

"ಅಕ್ಕಾ, ಎಲ್ಲಾ ಮುಗದೈತಲ್ಲ!"

"ಮುಗದಿಲ್ಲ. ಇನ್ನ ನಾಕು ನಿಮಿಷ ಐತಿ. ಒಂದು ಗಾಲಿನೂ ಆ ಬೋರ್ಡ್ ದಾಟಬಾರದು."

ತರಗತಿಯ ದನಿ ಬಂದಿತ್ತೆಂದು ಕಾಣುತ್ತದೆ. ಅವನು ಗಪ್ಪನೆ ಬ್ರೇಕು ಒತ್ತಿದ. ಬಿಸಿಲಿನಲ್ಲಿ, ಕಾದ ಕಾರಿನಲ್ಲಿ, ನಾಲ್ಕು ನಿಮಿಷ ಕೂತೆವು. ಸಣ್ಣ ಕಾರುಗಳ ನಮ್ಮ ವರ್ಗದಲ್ಲಿ ನಮಗಿಂತ ಜೋರಾಗಿ ಓಡಿಸಿದ್ದ ಒಂದು ತಂಡ ಅವಸರ ಮಾಡಿ ಮುಂಚೆ ಒಳಗೆ ಹೋಗಿತ್ತು. ಸಂಜೆ ಫಲಿತಾಂಶದ ಹಾಳೆ ಅಂಟಿಸಿದಾಗ ಅವರು ನಾಲ್ಕನೆಯವರು, ನಾವು ಮೂರನೆಯವರು.

ಆ ಹಾಳೆಯ ಮುಂದೆ ನೂಕುನುಗ್ಗಲಿನಲ್ಲಿ ನನ್ನ ಗಂಡ ನಿಂತಿದ್ದರು. ಬರುತ್ತೇನೆಂದು ಅವರು ಹೇಳಿರಲೇ ಇಲ್ಲ. ಅಂಗಡಿ ಮುಚ್ಚಿ, ಬೆಳಿಗ್ಗೆ ಕುಷ್ಟಗಿಯಿಂದ ಬೈಕಿನ ಮೇಲೆ ಬಂದು, ಗುಡ್ಡದ ಹಂತದ ಒಂದು ಬಂಡೆಯ ಮೇಲೆ ಬಿಸಿಲಲ್ಲಿ ಕೂತಿದ್ದರಂತೆ. ಕೈಯಲ್ಲಿ ಗಂಗಾವತಿಯಲ್ಲಿ ಕಟ್ಟಿಸಿಕೊಂಡ ಮಿರ್ಚಿ ಭಜಿಯ ಪೊಟ್ಟಣ ತಣ್ಣಗಾಗಿತ್ತು.

"ನೋಡಿದ್ರ್ಯಾ?" ಎಂದೆ.

"ನೋಡಿದ್ನಿ. ಒಂದು ಕ್ಷಣ ಕಂಡ್ರಿ, ಹೋದ್ರಿ. ಅವ ಸ್ಟೀರಿಂಗ್ ತಿರುವಾಕತ್ತಿದ್ದ. ನೀ ಕೈ ಎತ್ತಿ ಏನೋ ತೋರ್ಸಾಕತ್ತಿದ್ದಿ." ಪೊಟ್ಟಣವನ್ನು ನನ್ನ ಕೈಗಿಟ್ಟು ಹೇಳಿದರು: "ಪಕ್ಕದಾಗ ನಿಂತ ಮಂದಿಗೆ ಹೇಳಿದ್ನಿ, ಆಕಿ ನಮ್ಮಾಕಿ ಅಂತ."

ಬಹುಮಾನದ ವೇದಿಕೆಗಿಂತ ಅದು ನನಗೆ ದೊಡ್ಡದಾಯಿತು. ಅದನ್ನು ಅವರಿಗೆ ಹೇಳಿಲ್ಲ.

ಎಲ್ಲ ಸಲವೂ ಹೀಗೆ ಆಗಲಿಲ್ಲ. ಮುಂದಿನ ವರ್ಷ ಕನಕಗಿರಿ ಕಡೆಯ ಅದೇ ದಾರಿಯಲ್ಲಿ, ನಾನು ಬಿಲ್ಲು ಎಂದು ಬರೆದಿದ್ದ ತಿರುವನ್ನು ಮುಂಚೆ ಹೋದ ಕಾರುಗಳು ಕೊರೆದು ಹಾಕಿದ್ದವು. ಒಳಗಿದ್ದ ಕಲ್ಲು ಹೊರಗೆ ಬಂದಿತ್ತು. ಚಕ್ರ ಅದಕ್ಕೆ ತಾಗಿ ಕಾರು ಒಂದು ಪೂರ್ತಿ ಪಲ್ಟಿಯಾಗಿ ನನ್ನ ಮಗ್ಗುಲಿಗೆ ಬಿತ್ತು. ಒಂದು ಗಳಿಗೆ ಏನೂ ಕೇಳಲಿಲ್ಲ. ಆಮೇಲೆ ಮೇಲಿನಿಂದ ತಮ್ಮನ ದನಿ: "ಅಕ್ಕಾ... ಅಕ್ಕಾ..."

"ಅದೀನಿ," ಎಂದೆ. "ಮೊದ್ಲ ಎಂಜಿನ್ ಬಂದ್ ಮಾಡು."

ಅವನ ಬಾಗಿಲಿನಿಂದ ಇಬ್ಬರೂ ಹತ್ತಿ ಹೊರಬಂದೆವು. ಭುಜ ಕಪ್ಪಿಟ್ಟಿತ್ತು, ಎಲುಬು ಮುರಿದಿರಲಿಲ್ಲ. ಕಾರನ್ನು ಭಾಗ್ಯನಗರಕ್ಕೆ ತಂದಾಗ ಚಾಚಾ ಒಳಗೆ ತೂರಿ, ತಾವು ಕಟ್ಟಿದ ಗೂಡಿನ ಒಂದೊಂದು ಬೆಸುಗೆಯ ಮೇಲೂ ಹೆಬ್ಬೆರಳಾಡಿಸಿದರು. ಒಂದೂ ಬಿಟ್ಟಿರಲಿಲ್ಲ. ಹೊರಬಂದು ನನ್ನ ಎದುರು ನಿಂತು, ಎರಡೂ ಕೈ ಎದೆಗೊತ್ತಿಕೊಂಡು, "ದೇವರ ಶುಕರ್ ಐತಿ ಅಕ್ಕೋರ. ಪೈಪ ಕಟ್ಟಿದ್ನಿ, ನಿದ್ದಿ ಮಾತ್ರ ಇರಲಿಲ್ಲ ನನಗ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಅದುವರೆಗೂ ಯಾವ ಹಂತದ ಆರಂಭವನ್ನೂ ನೋಡಿರಲಿಲ್ಲವೆಂದು, ಆ ಹೊತ್ತಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರೆಂದು ನನಗೆ ತಿಳಿದದ್ದು ಆವತ್ತೇ.

ಎರಡು ತಿಂಗಳು ನಾನು ಕಾರಿನ ಹತ್ತಿರ ಹೋಗಲಿಲ್ಲ. ತಮ್ಮ ಒಮ್ಮೆಯೂ ಕರೆಯಲಿಲ್ಲ. ಬೇರೆ ಯಾರನ್ನಾದರೂ ಹುಡುಕಿಕೋ ಎಂದರೆ, "ನೋಡೂಣು," ಎನ್ನುತ್ತಿದ್ದ, ಹುಡುಕುತ್ತಿರಲಿಲ್ಲ. ಒಂದು ಸಂಜೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ, ನನಗೆ ಹೆದರಿಕೆ ಶುರುವಾಗಿದೆ, ಇನ್ನು ಸಾಕು ಅನಿಸುತ್ತದೆ ಎಂದೆ.

"ಹೆದರಿಕಿ ಬಂತಂದ್ರ ಛಲೋ ಆತು ಬಿಡವಾ," ಎಂದರು ಅತ್ತೆ. "ಹೆದರಿಕಿ ಇಲ್ಲದವ್ರ ಕೂಡ ನಾನಾದ್ರ ನನ್ನ ತಮ್ಮನ್ನ ಕಳಸ್ತಿದ್ದಿಲ್ಲ."

ಆ ವಾರವೇ ಬಸ್ಸಿನಲ್ಲಿ ಶಾಲೆಗೆ ಹೋಗುವಾಗ ನನ್ನ ತುಟಿ ತಾನಾಗಿ ಅಲುಗುತ್ತಿರುವುದು ಗಮನಕ್ಕೆ ಬಂತು. ಬಲಕ್ಕ ಹುಬ್ಬು, ನೂರು, ದಿನ್ನಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಸ್ವಲ್ಪ ಸರಿದು ಜಾಗ ಬಿಟ್ಟಳು. ಸಂಜೆ ತಮ್ಮನಿಗೆ ಫೋನ್ ಮಾಡಿ, ಪುಸ್ತಕ ಎಲ್ಲಿದೆ ಎಂದು ಕೇಳಿದೆ. ಮರಳಿ ಹೋದ ಮೇಲೆ ಒಂದು ಬದಲಾವಣೆ ಮಾಡಿದೆವು. ಒಳಗಡೆ ಕಲ್ಲಿರಬಹುದು ಎಂಬ ಅನುಮಾನವಿದ್ದ ತಿರುವುಗಳಿಗೆಲ್ಲ ಕೆಂಪು ಶಾಯಿ. ನಮ್ಮ ಸಮಯ ಮೊದಲಿಗಿಂತ ಚೂರು ನಿಧಾನವಾಯಿತು. ಹೊರಟ ರ‍್ಯಾಲಿಗಳನ್ನು ಮುಗಿಸುವುದು ಮಾತ್ರ ಹೆಚ್ಚಾಯಿತು. ಮುಗಿಸದವರಿಗೆ ಸ್ಥಾನವೇ ಇಲ್ಲ ಎಂಬುದು ಈ ಆಟದ ಮೊದಲ ಪಾಠ. ಅದನ್ನು ಕಲಿಯಲು ಹೆಚ್ಚಿನವರಿಗೆ ಕಾರೊಂದು ಹಾಳಾಗಬೇಕು.

ಈಗ ನಾಲ್ಕು ವರ್ಷವಾಯಿತು. ಐದನೆಯವರೋ ಆರನೆಯವರೋ ಆಗಿ ಬರುತ್ತೇವೆ. ಇನ್ನೆರಡು ಸಲ ಮೂರನೆಯವರಾದೆವು. ಮೊದಲನೆಯವರಾಗಿಲ್ಲ. ನಮ್ಮ ಕಾರಿನ ಎಂಜಿನ್ನಿಗೆ ಅಷ್ಟು ದಮ್ಮಿಲ್ಲವೆಂದು ತಮ್ಮನಿಗೆ ಗೊತ್ತು, ಅದಕ್ಕಾಗಿ ಅವನು ನಿದ್ದೆಗೆಡುವುದಿಲ್ಲ. ಶಾಲೆಯಲ್ಲಿ ವೇಗ, ದೂರ, ಕಾಲದ ಪಾಠ ಬಂದಾಗ ಮಕ್ಕಳು ಪುಸ್ತಕದ ರೈಲನ್ನು ಬಿಟ್ಟು, "ಟೀಚರ್, ನಿಮ್ಮ ಕಾರಿಂದ ಹೇಳ್ರಿ," ಎನ್ನುತ್ತಾರೆ. ಹೇಳುತ್ತೇನೆ. ಹೆಡ್‌ಮಾಸ್ತರರಿಗೆ ರಜೆಯ ಅರ್ಜಿಯಲ್ಲಿ ಮೊದಲು ಕೌಟುಂಬಿಕ ಕಾರಣ ಎಂದು ಬರೆಯುತ್ತಿದ್ದೆ. ಈಗ ರ‍್ಯಾಲಿ ಎಂದೇ ಬರೆಯುತ್ತೇನೆ. ಅವರು ಸಹಿ ಹಾಕುವಾಗ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ವಿಚಾರಿಸುತ್ತಾರೆ.

ಕಳೆದ ಬೇಸಿಗೆಯಲ್ಲಿ ಹಾಳೆಯ ಮೇಲಿನ ಅಕ್ಷರಗಳು ಮಸುಕಾಗತೊಡಗಿದವು. ಗಂಗಾವತಿಯ ಕಣ್ಣಿನ ಡಾಕ್ಟರರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕದ್ದೇ, ಓದಲು ಚಾಳೀಸು ಬೇಕು ಎಂದರು. "ಓದೂದು ಭಾಳ ಇರ್ತೈತೇನ್ರಿ?" ಎಂದು ಕೇಳಿದರು.

"ಇರ್ತೈತ್ರಿ. ಆದ್ರ ಅಕ್ಷರ ಕುಣಿತಿರ್ತಾವು."

ಅವರು ಗಾಬರಿಯಾಗಿ ಇನ್ನೊಮ್ಮೆ ದೀಪ ಹಿಡಿದು ನೋಡಿದರು. ಅಕ್ಷರ ಯಾಕೆ ಕುಣಿಯುತ್ತವೆ ಎಂದು ವಿವರಿಸಿದ ಮೇಲೆ ನಕ್ಕು, ಹೆಲ್ಮೆಟ್ಟಿನೊಳಗೆ ಒತ್ತದಂತೆ ತೆಳ್ಳನೆ ಕಡ್ಡಿಯ ಚಾಳೀಸು ಬರೆದುಕೊಟ್ಟರು. ಮೊದಲ ಅಭ್ಯಾಸದಲ್ಲಿ ಅದರ ಗಾಜು ಉಸಿರಿಗೆ ಮಂಜಾಗಿ ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಮೂಗಿನ ಮೇಲಿಂದ ಜಾರಿತು. ಕೊನೆಗೆ ತಮ್ಮ ದೊಡ್ಡ ಹಾಳೆಯ ಪುಸ್ತಕ ತಂದುಕೊಟ್ಟ. ಒಂದು ಪುಟಕ್ಕೆ ಹನ್ನೆರಡು ಸಾಲು ಬರೆಯುತ್ತಿದ್ದವಳು ಈಗ ಆರೇ ಸಾಲು ಬರೆಯುತ್ತೇನೆ, ದಪ್ಪ ಅಕ್ಷರದಲ್ಲಿ. ಹಾಳೆ ಮಗುಚುವ ಕೆಲಸ ಎರಡರಷ್ಟಾಗಿದೆ. ಹಾಗಾಗಿ ಒಂದೊಂದೇ ಹಾಳೆ ಬೆರಳಿಗೆ ಸಿಗಲೆಂದು ಪ್ರತಿ ಹಾಳೆಯ ಮೂಲೆಗೆ ಅಂಟುಪಟ್ಟಿಯ ಸಣ್ಣ ಕಿವಿ ಹಚ್ಚುತ್ತ ಕೂತಿದ್ದೇನೆ. ಬರುವ ಶನಿವಾರ ಯಲಬುರ್ಗಾ ಕಡೆ ರಸ್ತೆ ಬರೆಯಲು ಹೋಗಬೇಕು. ಮಳೆಗೆ ಎಲ್ಲ ಬದಲಾಗಿದೆಯಂತೆ.